ಬಿಟ್ಟು ಮುಂದೆ ಹೋಗುವುದನ್ನು ಕಲಿಯಬೇಕು: ಯುಕ್ಯಾಟ್ ತಯಾರಿಯ ಬಗ್ಗೆ

ಮೊದಲು ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಬಯಾಲಜಿ, ಕೆಮಿಸ್ಟ್ರಿ ಎರಡರಲ್ಲೂ ಕ್ಲಾಸಿಗೇ ಮುಂದೆ ಇದ್ದವಳು. ಎ ಲೆವೆಲ್‌ನ, ಅಂದರೆ ನಮ್ಮ ಪಿಯುಸಿಯಂಥ ಓದಿನ, ಮೊದಲ ವರ್ಷ ಮುಗಿಸಿ, ಒಂದು ಜುಲೈ ಬೆಳಿಗ್ಗೆ ನಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂತು ಬ್ರಿಟನ್ನಿನ ಮೆಡಿಕಲ್ ಪ್ರವೇಶ ಪರೀಕ್ಷೆಯಾದ ಯುಕ್ಯಾಟ್‌ನ ವರ್ಬಲ್ ರೀಸನಿಂಗ್ ಭಾಗವನ್ನು, ಅಂದರೆ ಗದ್ಯ ಓದಿ ಉತ್ತರಿಸುವ ಭಾಗವನ್ನು, ಮೊದಲ ಸಲ ಮಾಡಿದಳು. 22 ನಿಮಿಷ ಮುಗಿದಾಗ 44 ಪ್ರಶ್ನೆಗಳಲ್ಲಿ 26 ಮುಗಿಸಿದ್ದಳು. ಆ 26ರಲ್ಲಿ ತಪ್ಪಾಗಿದ್ದು ಎರಡೋ ಮೂರೋ. ಉಳಿದ 18 ಖಾಲಿ. ನನ್ನ ಮುಖ ನೋಡಿ, "ಆಂಟಿ, ನಂಗೆ ಇಂಗ್ಲಿಷ್ ಓದೋಕೇ ಬರಲ್ವಾ?" ಅಂತ ಕೇಳಿದಳು. ಕಣ್ಣಲ್ಲಿ ನೀರಿತ್ತು.

ಅವಳಿಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತಿತ್ತು. ಬರದೇ ಇದ್ದದ್ದು ಒಂದೇ, ಒಂದು ಪ್ರಶ್ನೆಯನ್ನು ಬಿಟ್ಟು ಎದ್ದು ಹೋಗುವುದು. ಇವತ್ತು ನಾನು ಮಾತಾಡುವುದು ಹೆಚ್ಚಾಗಿ ಅದರ ಬಗ್ಗೆಯೇ.

ನಮ್ಮ ಮಕ್ಕಳಿಗೆ ಇದು ಯಾಕೆ ಕಷ್ಟ ಅಂತ ಯೋಚಿಸಿ. ನಾವು ಅವರನ್ನು ಬೆಳೆಸಿದ್ದೇ ಬೇರೆ ಥರ. "ಪೂರ್ತಿ ಮಾಡು, ಅರ್ಧಕ್ಕೆ ಬಿಡಬೇಡ. ಇನ್ನೊಂದು ಸಲ ನೋಡು, ಉತ್ತರ ಸಿಗುತ್ತೆ." ಶಾಲೆಯ ಪರೀಕ್ಷೆಗೆ ಅದು ಒಳ್ಳೆಯ ಮಾತು. ಈ ಪರೀಕ್ಷೆಯಲ್ಲಿ ಮಾತ್ರ ಒಂದು ಪ್ರಶ್ನೆಯ ಜೊತೆ ಎರಡು ನಿಮಿಷ ಹಟ ಹಿಡಿದು ಕೂತರೆ ಸುಲಭದ ಇನ್ನೂ ನಾಲ್ಕು ಪ್ರಶ್ನೆ ಕೈ ತಪ್ಪಿ ಹೋಗುತ್ತವೆ.

ಗೊತ್ತಿಲ್ಲದವರಿಗಾಗಿ ಪರೀಕ್ಷೆಯ ಸ್ವರೂಪ ಹೇಳಿಬಿಡುತ್ತೇನೆ. ಬ್ರಿಟನ್ನಿನಲ್ಲಿ ಮೆಡಿಸಿನ್ ಅಥವಾ ಡೆಂಟಿಸ್ಟ್ರಿ ಓದಬೇಕೆಂದರೆ ಹೆಚ್ಚಿನ ವಿಶ್ವವಿದ್ಯಾಲಯಗಳು ಇದರ ಅಂಕ ಕೇಳುತ್ತವೆ. 2006ರಲ್ಲಿ ಯುಕೆಕ್ಯಾಟ್ ಎಂಬ ಹೆಸರಿನಲ್ಲಿ ಶುರುವಾಯಿತು, 2019ರಲ್ಲಿ ಯುಕ್ಯಾಟ್ ಆಯಿತು. ಮೊದಲು ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನಂಥ ಕೆಲವು ಕಡೆ ಬಿಮ್ಯಾಟ್ ಅಂತ ಬೇರೆಯದೇ ಪರೀಕ್ಷೆ ಇತ್ತು. ಅದು 2023ಕ್ಕೆ ನಿಂತಿತು, ಈಗ ಅವರೂ ಇದನ್ನೇ ನೋಡುತ್ತಾರೆ. ಕಂಪ್ಯೂಟರಿನಲ್ಲಿ, ಪಿಯರ್ಸನ್ ವ್ಯೂ ಎಂಬ ಸಂಸ್ಥೆಯ ಪರೀಕ್ಷಾ ಕೇಂದ್ರಗಳಲ್ಲಿ, ಜುಲೈನಿಂದ ಸೆಪ್ಟೆಂಬರ್ ಕೊನೆಯ ವಾರದವರೆಗೆ ನಡೆಯುತ್ತದೆ. ಒಂದು ವರ್ಷಕ್ಕೆ ಒಂದೇ ಸಲ ಬರೆಯಬಹುದು. ಈ ವರ್ಷದ ಅಂಕ ಮುಂದಿನ ವರ್ಷಕ್ಕೆ ನಡೆಯುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಅಕ್ಕಂದಿರು, ಅಣ್ಣಂದಿರು ಕೊಟ್ಟ ಹಳೆಯ ಪುಸ್ತಕ ಮನೆಯಲ್ಲಿ ಇರುತ್ತದೆ, ಅಲ್ವಾ? ಅದರಲ್ಲಿ ಅಬ್‌ಸ್ಟ್ರಾಕ್ಟ್ ರೀಸನಿಂಗ್ ಅಂತ ಚೌಕ, ವೃತ್ತ, ಬಾಣಗಳ ಒಂದು ಭಾಗ ಇದ್ದರೆ ಅದನ್ನು ಪಕ್ಕಕ್ಕಿಡಿ. 2025ರಿಂದ ಆ ಭಾಗವೇ ಇಲ್ಲ. ಮೊದಲು ಒಟ್ಟು 3600ಕ್ಕೆ ಅಂಕ ಕೊಡುತ್ತಿದ್ದರು, ಈಗ 2700ಕ್ಕೆ. ಅಕ್ಕ ಆಗ 2700 ತೆಗೆದಿದ್ದಳು, ತಮ್ಮ ಈಗ ಯಾಕೆ ತೆಗೆಯುವುದಿಲ್ಲ ಅಂತ ಒಬ್ಬ ತಂದೆ ನನ್ನನ್ನು ನಿಜವಾಗಿಯೂ ಕೇಳಿದರು. ಈಗ 2700 ಅಂದರೆ ಪೂರ್ತಿ ಅಂಕ. ಆ ಹುಡುಗ ಎರಡು ವಾರ ಮನೆಯಲ್ಲಿ ಬೈಸಿಕೊಂಡಿದ್ದ, ಪಾಪ.

ಈಗ ಉಳಿದಿರುವುದು ನಾಲ್ಕು ಭಾಗ. ವರ್ಬಲ್ ರೀಸನಿಂಗ್, 44 ಪ್ರಶ್ನೆ, 22 ನಿಮಿಷ. ಡಿಸಿಷನ್ ಮೇಕಿಂಗ್, ಅಂದರೆ ತರ್ಕದ ಭಾಗ, 35 ಪ್ರಶ್ನೆ, 37 ನಿಮಿಷ. ಕ್ವಾಂಟಿಟೇಟಿವ್ ರೀಸನಿಂಗ್, 36 ಪ್ರಶ್ನೆ, 26 ನಿಮಿಷ. ಕೊನೆಗೆ ಸಿಚುಯೇಷನಲ್ ಜಡ್ಜ್‌ಮೆಂಟ್, 69 ಪ್ರಶ್ನೆ, 26 ನಿಮಿಷ. ಮೊದಲ ಮೂರಕ್ಕೆ ತಲಾ 300ರಿಂದ 900ರವರೆಗೆ ಅಂಕ. ಕೊನೆಯದಕ್ಕೆ ಬ್ಯಾಂಡ್ ಕೊಡುತ್ತಾರೆ, 1 ಅಂದರೆ ಅತ್ಯುತ್ತಮ, 4 ಅಂದರೆ ಕೆಳಗಿನದು. ಒಂದು ಭಾಗ ಮುಗಿದ ಮೇಲೆ ಅದಕ್ಕೆ ಹಿಂದಿರುಗುವ ಹಾಗಿಲ್ಲ. ಮುಖ್ಯವಾದ ವಿಷಯ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ.

ಈ ಕೊನೆಯ ಮಾತನ್ನು ಮಕ್ಕಳು ಕಿವಿಯಲ್ಲಿ ಕೇಳುತ್ತಾರೆ, ಕೈಗೆ ಇಳಿಯುವುದಿಲ್ಲ. ನಮ್ಮ ಹುಡುಗಿ ಬಿಟ್ಟ 18 ಪ್ರಶ್ನೆಗೆ ಕಣ್ಣು ಮುಚ್ಚಿ ಏನೋ ಒಂದನ್ನು ಒತ್ತಿದ್ದರೂ ನಾಲ್ಕೋ ಐದೋ ಸರಿಯಾಗುತ್ತಿದ್ದವು. ಅವಳಿಗೆ ಮೂರು ವಾರ ಹೇಳಿಕೊಟ್ಟದ್ದು ಇಷ್ಟೇ: ಪ್ರಶ್ನೆ ನೋಡು. ದಾರಿ ಕಂಡರೆ ಮಾಡು. ಕಾಣದಿದ್ದರೆ ಏನಾದರೂ ಒಂದು ಉತ್ತರ ಒತ್ತು, ಆಮೇಲೆ ನೋಡಲು ಗುರುತಾಗಿ ಪರದೆಯಲ್ಲಿ ಫ್ಲ್ಯಾಗ್ ಹಾಕು, ಮುಂದಕ್ಕೆ ಹೋಗು. ಉತ್ತರ ಒತ್ತದೆ ಬರೀ ಫ್ಲ್ಯಾಗ್ ಹಾಕಿ ಹೋಗಬೇಡ, ಯಾಕೆಂದರೆ ತಿರುಗಿ ಬರಲು ಸಮಯ ಸಿಗುತ್ತೆ ಅಂತ ಯಾವ ಗ್ಯಾರಂಟಿಯೂ ಇಲ್ಲ.

ಮೊದಲ ವಾರ ಅವಳಿಗೆ ಅದು ಮೈಗೆ ಒಗ್ಗಲೇ ಇಲ್ಲ. "ಗೊತ್ತಿಲ್ದೆ ಒತ್ತೋದು ಮೋಸ ಅನ್ಸುತ್ತೆ ಆಂಟಿ" ಅಂದಳು. ನಾನು ಹೇಳಿದೆ, ಒಂದು ದಿನ ನೀನು ಕ್ಯಾಶುಯಲ್ಟಿಯಲ್ಲಿ ನಿಂತಿರುತ್ತೀಯ. ಎಂಟು ಜನ ಕಾಯುತ್ತಿರುತ್ತಾರೆ. ಮೊದಲನೆಯವರ ಕಾಯಿಲೆ ಪೂರ್ತಿ ಅರ್ಥವಾಗುವವರೆಗೆ ಉಳಿದ ಏಳು ಜನರನ್ನು ನೋಡುವುದೇ ಇಲ್ಲ ಅಂತ ಕೂರುತ್ತೀಯಾ? ಇರುವ ಮಾಹಿತಿಯಲ್ಲಿ ಒಂದು ತೀರ್ಮಾನ ಮಾಡಿ, ಮತ್ತೆ ಬಂದು ನೋಡುತ್ತೇನೆ ಅಂತ ಗುರುತು ಹಾಕಿ, ಮುಂದಿನವರ ಹತ್ತಿರ ಹೋಗುತ್ತೀಯ. ನಾನು ಇಷ್ಟು ವರ್ಷ ಆಸ್ಪತ್ರೆಯಲ್ಲಿ ಮಾಡಿದ್ದು ಅದನ್ನೇ. ಅವತ್ತಿಂದ ಅವಳ ಕೈ ಸ್ವಲ್ಪ ಸಡಿಲವಾಯಿತು.

ಈಗ ಒಂದೊಂದೇ ಭಾಗಕ್ಕೆ ಬರೋಣ. ವರ್ಬಲ್ ರೀಸನಿಂಗ್‌ನಲ್ಲಿ 11 ಗದ್ಯಭಾಗ, ಒಂದೊಂದಕ್ಕೆ ನಾಲ್ಕು ಪ್ರಶ್ನೆ. ಅಂದರೆ ಒಂದು ಗದ್ಯಕ್ಕೆ ಎರಡೇ ನಿಮಿಷ. ಪೂರ್ತಿ ಓದಿ, ಅರ್ಥ ಮಾಡಿಕೊಂಡು, ಆಮೇಲೆ ಪ್ರಶ್ನೆಗೆ ಬರುತ್ತೇನೆ ಅಂದರೆ ಆಗದು. ಮೊದಲು ಪ್ರಶ್ನೆ ಓದಿ. ಅದರಲ್ಲಿ ಒಂದು ಹೆಸರೋ, ಇಸವಿಯೋ, ವಿಚಿತ್ರವಾದ ಪದವೋ ಇರುತ್ತದೆ. ಅದನ್ನು ಗದ್ಯದಲ್ಲಿ ಕಣ್ಣಾಡಿಸಿ ಹುಡುಕಿ. ಅದರ ಹಿಂದೆ ಒಂದು ವಾಕ್ಯ, ಮುಂದೆ ಒಂದು ವಾಕ್ಯ ಓದಿ. ಸಾಕು.

ಒಂದು ಉದಾಹರಣೆ ಕೊಡುತ್ತೇನೆ, ನಾನೇ ಬರೆದದ್ದು. ಗದ್ಯ ಹೀಗಿದೆ: "1747ರಲ್ಲಿ ಸಾಲಿಸ್‌ಬರಿ ಎಂಬ ಹಡಗಿನಲ್ಲಿ ಜೇಮ್ಸ್ ಲಿಂಡ್ ಎಂಬ ವೈದ್ಯ ಸ್ಕರ್ವಿ ಬಂದಿದ್ದ 12 ನಾವಿಕರನ್ನು ಇಬ್ಬಿಬ್ಬರಂತೆ ಆರು ಗುಂಪು ಮಾಡಿದ. ಒಂದೊಂದು ಗುಂಪಿಗೆ ಒಂದೊಂದು ಬಗೆಯ ಚಿಕಿತ್ಸೆ ಕೊಟ್ಟ. ಕಿತ್ತಳೆ ಮತ್ತು ನಿಂಬೆ ತಿಂದ ಇಬ್ಬರು ಎಲ್ಲರಿಗಿಂತ ಬೇಗ ಚೇತರಿಸಿಕೊಂಡರು." ಇದರ ಕೆಳಗೆ ಒಂದು ಹೇಳಿಕೆ: "ಸ್ಕರ್ವಿ ಬರುವುದು ವಿಟಮಿನ್ ಸಿ ಕೊರತೆಯಿಂದ." ಸರಿಯೋ, ತಪ್ಪೋ, ಹೇಳಲಾಗದೋ?

ಇಲ್ಲಿ ಕೂತಿರುವ ಮಕ್ಕಳಲ್ಲಿ ಅರ್ಧ ಜನ ಈಗಾಗಲೇ "ಸರಿ" ಅಂದಿರಿ, ಕೇಳಿಸಿತು. ಹೊರಗಿನ ಪ್ರಪಂಚದಲ್ಲಿ ಅದು ನೂರಕ್ಕೆ ನೂರು ಸರಿ. ಆದರೆ ಗದ್ಯದಲ್ಲಿ ವಿಟಮಿನ್ ಎಂಬ ಪದ ಎಲ್ಲಿದೆ? ಇಲ್ಲ. ಹಾಗಾಗಿ ಉತ್ತರ "ಹೇಳಲಾಗದು". ಇನ್ನೊಂದು ಹೇಳಿಕೆ: "ಕಿತ್ತಳೆ, ನಿಂಬೆ ಸಿಕ್ಕಿದ್ದು ಆರು ನಾವಿಕರಿಗೆ." ಇದು ತಪ್ಪು, ಗದ್ಯವೇ ಇಬ್ಬರು ಎನ್ನುತ್ತದೆ. ಆರು ಎನ್ನುವುದು ಗುಂಪಿನ ಲೆಕ್ಕ. ನೋಡಿ, ಬುದ್ಧಿವಂತ ಮಕ್ಕಳು ಎಡವುವುದು ಇಂಥ ಕಡೆಯೇ. ಮೊದಲನೆಯದರಲ್ಲಿ ಜಾಸ್ತಿ ಗೊತ್ತಿದ್ದದ್ದೇ ತೊಂದರೆ. ಎರಡನೆಯದರಲ್ಲಿ "ಆರು" ಕಣ್ಣಿಗೆ ಬಿದ್ದ ಕೂಡಲೇ ಒತ್ತಿಬಿಡುತ್ತಾರೆ. ಗದ್ಯ ಎಷ್ಟು ಹೇಳಿದೆಯೋ ಅಷ್ಟನ್ನೇ ನಂಬುವುದು ಒಂದು ಅಭ್ಯಾಸ, ಕಲಿತರೆ ಬರುತ್ತದೆ. ಲಿಂಡ್‌ನನ್ನೇ ತೆಗೆದುಕೊಳ್ಳಿ. ಅವನ ಕಾಲಕ್ಕೆ ವಿಟಮಿನ್ ಎಂಬ ಕಲ್ಪನೆಯೇ ಇರಲಿಲ್ಲ. ಯಾವುದು ಕೆಲಸ ಮಾಡಿತು ಅನ್ನುವುದನ್ನು ಅವನು ಕಂಡ, ಯಾಕೆ ಮಾಡಿತು ಅನ್ನುವುದು ಗೊತ್ತಾಗಲು ಮುಂದೆ ಸುಮಾರು ಇನ್ನೂರು ವರ್ಷ ಹಿಡಿಯಿತು. ನನಗೆ ತುಂಬಾ ಇಷ್ಟವಾದ ಕಥೆ ಅದು, ಅದಕ್ಕೇ ಇಲ್ಲಿ ತಂದೆ.

ಲೆಕ್ಕದ ಭಾಗಕ್ಕೆ, ಅಂದರೆ ಕ್ವಾಂಟಿಟೇಟಿವ್ ರೀಸನಿಂಗ್‌ಗೆ ನಮ್ಮ ಮಕ್ಕಳು ಹೆದರುವುದಿಲ್ಲ. ಗಣಿತ ನಮಗೆ ಬರುತ್ತೆ ಅನ್ನುವ ಧೈರ್ಯ. ಗಣಿತ ಸುಲಭವೇ, ಶೇಕಡಾ, ಅನುಪಾತ, ಸರಾಸರಿ, ವೇಗ, ಅಷ್ಟೇ. ಆದರೆ ಒಂದು ಪ್ರಶ್ನೆಗೆ 43 ಸೆಕೆಂಡು. ಪರದೆಯ ಮೇಲೆ ಕ್ಯಾಲ್ಕುಲೇಟರ್ ಇರುತ್ತದೆ, ಕೂಡಿ ಕಳೆದು ಗುಣಿಸಿ ಭಾಗಿಸುವ ಸಾದಾ ಕ್ಯಾಲ್ಕುಲೇಟರ್. ಮೌಸ್‌ನಲ್ಲಿ ಒಂದೊಂದೇ ಅಂಕಿ ಒತ್ತುತ್ತಾ ಕೂತರೆ ಸಮಯ ಅಲ್ಲೇ ಸೋರಿ ಹೋಗುತ್ತದೆ. ಕೀಬೋರ್ಡಿನ ಬಲಗಡೆ ನಂಬರ್ ಪ್ಯಾಡ್ ಇರುತ್ತದಲ್ಲ, ಅದನ್ನು ಬಳಸಲು ಕಲಿಯಿರಿ. ಮನೆಯ ಲ್ಯಾಪ್‌ಟಾಪಿನಲ್ಲಿ ಅದು ಇಲ್ಲದಿದ್ದರೆ ಯುಎಸ್‌ಬಿಗೆ ಹಾಕುವ ಒಂದು ಕೀಬೋರ್ಡ್ ತಂದುಕೊಳ್ಳಿ. ದೊಡ್ಡ ಖರ್ಚಿನ ಕೋಚಿಂಗ್‌ಗಿಂತ ಆ ಕೀಬೋರ್ಡಿನಿಂದ ಜಾಸ್ತಿ ಲಾಭ ಆದ ಮಕ್ಕಳನ್ನು ನಾನು ನೋಡಿದ್ದೇನೆ.

ಅದಕ್ಕಿಂತ ಒಳ್ಳೆಯದು ಕ್ಯಾಲ್ಕುಲೇಟರನ್ನು ಮುಟ್ಟದೇ ಇರುವುದು. ಹೀಗೊಂದು ಲೆಕ್ಕ: ಒಂದು ಔಷಧಿಯನ್ನು ಕೆಜಿಗೆ 15 ಮಿಲಿಗ್ರಾಂನಂತೆ ಕೊಡಬೇಕು. ಮಗುವಿನ ತೂಕ 20 ಕೆಜಿ. ಸಿರಪ್‌ನ 5 ಮಿಲಿಯಲ್ಲಿ 120 ಮಿಲಿಗ್ರಾಂ ಔಷಧಿ ಇದೆ. ಎಷ್ಟು ಮಿಲಿ ಕೊಡಬೇಕು? ಬೇಕಾದದ್ದು 300 ಮಿಲಿಗ್ರಾಂ. ಇಲ್ಲಿಗೆ ಬಂದ ಕೂಡಲೇ ಮಕ್ಕಳು 300 ಭಾಗಿಸು 120, ಗುಣಿಸು 5 ಅಂತ ಕ್ಯಾಲ್ಕುಲೇಟರ್ ತೆರೆಯುತ್ತಾರೆ. ಬೇಡ. 5 ಮಿಲಿಗೆ 120, 10 ಮಿಲಿಗೆ 240. ಇನ್ನು 60 ಬೇಕು, ಅದು 120ರ ಅರ್ಧ, ಅಂದರೆ 2.5 ಮಿಲಿ. ಒಟ್ಟು 12.5. ಅಂಗಡಿ ಲೆಕ್ಕ ಮಾಡುತ್ತಿದ್ದ ನಮ್ಮ ಅಜ್ಜಂದಿರು ಹೀಗೇ ಮಾಡುತ್ತಿದ್ದರು. ಮನೆಯಲ್ಲಿ ಹಿರಿಯರಿದ್ದರೆ ಮಕ್ಕಳನ್ನು ಅವರ ಜೊತೆ ಕೂರಿಸಿ ಬಾಯಿಲೆಕ್ಕ ಮಾಡಿಸಿ.

ಡಿಸಿಷನ್ ಮೇಕಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇಲ್ಲಿ ಸ್ವಲ್ಪ ಉಸಿರಾಡಲು ಸಮಯ ಇದೆ, ಪ್ರಶ್ನೆಗೆ ಒಂದು ನಿಮಿಷಕ್ಕಿಂತ ತುಸು ಹೆಚ್ಚು. ಐದು ಹೇಳಿಕೆ ಕೊಟ್ಟು ಒಂದೊಂದಕ್ಕೂ ಹೌದು, ಅಲ್ಲ ಎಂದು ಗುರುತಿಸುವ ಪ್ರಶ್ನೆಗೆ ಎರಡು ಅಂಕ. ಒಂದು ತಪ್ಪಿದರೂ ಎಲ್ಲಾ ಹೋಗುವುದಿಲ್ಲ, ಭಾಗಶಃ ಅಂಕ ಉಂಟು. ಕೇಂದ್ರದಲ್ಲಿ ಒರೆಸಿ ಬರೆಯುವಂಥ ಹಾಳೆ, ಪೆನ್ನು ಕೊಡುತ್ತಾರೆ. ಅದರಲ್ಲಿ ವೃತ್ತ ಬರೆಯಿರಿ. "ಈ ವಾರ್ಡಿನ ನರ್ಸ್‌ಗಳೆಲ್ಲರೂ ರಾತ್ರಿ ಪಾಳಿ ಮಾಡುತ್ತಾರೆ. ರಾತ್ರಿ ಪಾಳಿಯವರಲ್ಲಿ ಕೆಲವರು ಸೈಕಲ್‌ನಲ್ಲಿ ಬರುತ್ತಾರೆ." ಹಾಗಾದರೆ ನರ್ಸ್‌ಗಳಲ್ಲಿ ಕೆಲವರು ಸೈಕಲ್‌ನಲ್ಲಿ ಬರುತ್ತಾರೆಯೇ? ತಲೆಯಲ್ಲಿ ಯೋಚಿಸಿದರೆ ಹೌದು ಅನ್ನಿಸುತ್ತದೆ. ವೃತ್ತ ಬರೆದರೆ ಗೊತ್ತಾಗುತ್ತದೆ, ಸೈಕಲ್‌ನವರೆಲ್ಲ ಡಾಕ್ಟರುಗಳೇ ಇರಬಹುದು. ಹಾಗಾಗಿ ಉತ್ತರ "ಅಲ್ಲ". ಮನೆಯಲ್ಲಿ ಅಭ್ಯಾಸ ಮಾಡುವಾಗಲೂ ಕಾಗದದ ಬದಲು ಒಂದು ಸಣ್ಣ ವೈಟ್‌ಬೋರ್ಡ್ ಇಟ್ಟುಕೊಳ್ಳಿ. ಆ ಪೆನ್ನಿನಲ್ಲಿ ಚಿಕ್ಕದಾಗಿ ಬರೆಯುವುದಕ್ಕೂ ಕೈ ಪಳಗಬೇಕು.

ಸಿಚುಯೇಷನಲ್ ಜಡ್ಜ್‌ಮೆಂಟ್ ಬಗ್ಗೆ ಮಾತ್ರ ಬಿಡುವಾಗಿ ಮಾತಾಡಬೇಕು. ಇದನ್ನು ಎಲ್ಲರೂ ಕೊನೆಗೆ ಇಡುತ್ತಾರೆ. "ಅದು ಕಾಮನ್‌ಸೆನ್ಸ್, ಓದೋದೇನಿದೆ" ಅನ್ನುತ್ತಾರೆ. ಒಂದು ಸನ್ನಿವೇಶ ಕೊಟ್ಟು, ಹೀಗೆ ಮಾಡುವುದು ಎಷ್ಟು ಸೂಕ್ತ ಅಥವಾ ಈ ವಿಷಯ ಎಷ್ಟು ಮುಖ್ಯ ಎಂದು ಕೇಳುತ್ತಾರೆ. ನಮ್ಮ ಮನೆಗಳ ಮಕ್ಕಳು ಇಲ್ಲಿ ಎಡವುವುದಕ್ಕೆ ಒಂದು ಕಾರಣ ಇದೆ, ಅದು ಅವರ ತಪ್ಪಲ್ಲ.

ಸನ್ನಿವೇಶ ಹೀಗಿರುತ್ತದೆ ಅಂದುಕೊಳ್ಳಿ. ನೀವು ಮೆಡಿಕಲ್ ವಿದ್ಯಾರ್ಥಿ. ರೌಂಡ್ಸ್‌ನಲ್ಲಿ ಹಿರಿಯ ಕನ್ಸಲ್ಟೆಂಟ್ ಒಬ್ಬ ರೋಗಿಯನ್ನು ಮುಟ್ಟಿ ನೋಡಿ, ಕೈ ತೊಳೆಯದೆ ಮುಂದಿನ ಹಾಸಿಗೆಗೆ ಹೊರಟರು. ನೀವು ಮೆಲ್ಲಗೆ, ರೋಗಿಗೆ ಮುಜುಗರ ಆಗದ ಹಾಗೆ, "ಸರ್, ಜೆಲ್ ಇಲ್ಲಿದೆ" ಅನ್ನುವುದು ಎಷ್ಟು ಸೂಕ್ತ? ಬಹಳ ಸೂಕ್ತ. ಆದರೆ ದೊಡ್ಡವರಿಗೆ ಎದುರು ಮಾತಾಡಬಾರದು, ತಿದ್ದಬಾರದು ಅಂತ ಕೇಳುತ್ತಾ ಬೆಳೆದ ಮಗುವಿನ ಬೆರಳು "ಸೂಕ್ತವಲ್ಲ" ಎಂಬಲ್ಲಿಗೆ ಹೋಗುತ್ತದೆ. ನಾನೂ ಹಾಗೇ ಬೆಳೆದವಳು. ಬ್ರಿಟನ್ನಿಗೆ ಬಂದ ಹೊಸದರಲ್ಲಿ ಒಬ್ಬ ಸೀನಿಯರ್ ಡ್ರಗ್ ಚಾರ್ಟಿನಲ್ಲಿ ಡೋಸ್ ತಪ್ಪು ಬರೆದಿದ್ದನ್ನು ನೋಡಿಯೂ ಐದು ನಿಮಿಷ ಸುಮ್ನೆ ನಿಂತಿದ್ದೆ. ಹೇಗೆ ಹೇಳಲಿ ಅಂತ. ಅಷ್ಟರಲ್ಲಿ ವಾರ್ಡಿನ ನರ್ಸ್ ಒಬ್ಬರು ಹೇಳಿದರು, ಆ ಸೀನಿಯರ್ ಥ್ಯಾಂಕ್ಸ್ ಅಂದು ತಿದ್ದಿದರು. ಅಷ್ಟೇ ಆದದ್ದು. ಆ ಐದು ನಿಮಿಷ ನನಗೆ ಇವತ್ತಿಗೂ ಮರೆತಿಲ್ಲ. ಮಕ್ಕಳಿಗೆ ಹೇಳಿ, ರೋಗಿಯ ಕ್ಷೇಮದ ಮಾತು ಬಂದಾಗ ಬಾಯಿ ತೆರೆಯುವುದು ಅಗೌರವ ಅಲ್ಲ. ಮನೆಯಲ್ಲೂ ಅವರು ನಮ್ಮನ್ನು ಮರ್ಯಾದೆಯಿಂದ ತಿದ್ದಿದಾಗ ಕೇಳಿಸಿಕೊಳ್ಳಿ.

ಇದಕ್ಕೆ ತದ್ವಿರುದ್ಧ ತಪ್ಪೂ ಇದೆ. ಜೊತೆಯವನು ವಾಟ್ಸಾಪ್ ಗುಂಪಿನಲ್ಲಿ ರೋಗಿಯೊಬ್ಬರ ಬಗ್ಗೆ ಬರೆದ. ಹೆಸರು ಹಾಕಿಲ್ಲ, ಆದರೆ ಯಾರು ಅಂತ ಗೊತ್ತಾಗುತ್ತೆ. ಮೊದಲು ಅವನನ್ನೇ ಪಕ್ಕಕ್ಕೆ ಕರೆದು, ಅದನ್ನು ಅಳಿಸು ಅನ್ನುವುದು ಒಳ್ಳೆಯ ಹೆಜ್ಜೆ. ಅವನಿಗೆ ಒಂದು ಮಾತೂ ಹೇಳದೆ ಎಲ್ಲರ ಮುಂದೆ ಅವಮಾನ ಮಾಡುವುದು ಒಳ್ಳೆಯದಲ್ಲ. ಹೆಸರು ಹಾಕಿಲ್ಲವಲ್ಲ ಬಿಡು ಅನ್ನುವುದಂತೂ ಸರಿಯೇ ಅಲ್ಲ. ಇಂಥದ್ದಕ್ಕೆಲ್ಲ ಬೇರು ಎಲ್ಲಿದೆ ಅಂದರೆ ಬ್ರಿಟನ್ನಿನ ವೈದ್ಯರ ನಿಯಂತ್ರಣ ಸಂಸ್ಥೆಯಾದ ಜನರಲ್ ಮೆಡಿಕಲ್ ಕೌನ್ಸಿಲ್‌ನ "ಗುಡ್ ಮೆಡಿಕಲ್ ಪ್ರಾಕ್ಟೀಸ್" ಎಂಬ ಮಾರ್ಗಸೂಚಿಯಲ್ಲಿ. ಅದರ ಹೊಸ ರೂಪ 2024ರ ಜನವರಿ 30ರಿಂದ ಜಾರಿಯಲ್ಲಿದೆ. ಅವರ ವೆಬ್‌ಸೈಟಿನಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಒಂದು ಸಂಜೆ ಕೂತು ಓದಿದರೆ ಸಾಕು. ಮುಂದೆ ಇಂಟರ್‌ವ್ಯೂಗೂ ಅದೇ ಉಪಯೋಗಕ್ಕೆ ಬರುತ್ತದೆ. ಇನ್ನೊಂದು ಸಮಾಧಾನ, ಈ ಭಾಗದಲ್ಲಿ ಸರಿಯುತ್ತರಕ್ಕೆ ಹತ್ತಿರ ಬಂದರೂ ಸ್ವಲ್ಪ ಅಂಕ ಸಿಗುತ್ತದೆ. ಸೂಕ್ತದ ಕಡೆಯೋ ಅಲ್ಲದ ಕಡೆಯೋ ಅನ್ನುವುದನ್ನು ಮೊದಲು ತೀರ್ಮಾನಿಸಿ, ಎಷ್ಟು ಅನ್ನುವುದು ಆಮೇಲೆ.

ಎಷ್ಟು ದಿನ ಓದಬೇಕು ಅಂತ ಕೇಳುತ್ತೀರಿ. ನನ್ನ ಅನುಭವದಲ್ಲಿ ಆರರಿಂದ ಎಂಟು ವಾರ, ದಿನಕ್ಕೆ ಒಂದೂವರೆ ಗಂಟೆ. ಅದಕ್ಕಿಂತ ಜಾಸ್ತಿಯಾದರೆ ಮಕ್ಕಳು ಬಳಲುತ್ತಾರೆ, ಪ್ರಶ್ನೆ ನೋಡಿದರೇ ಬೇಸರ ಬರುತ್ತದೆ. ಮೊದಲ ಎರಡು ವಾರ ಗಡಿಯಾರ ಬೇಡ, ಬಗೆಗಳನ್ನು ಗುರುತಿಸಲು ಕಲಿಯಲಿ. ಆಮೇಲೆ ಗಡಿಯಾರ ಇಲ್ಲದೆ ಒಂದು ಪ್ರಶ್ನೆಯನ್ನೂ ಮಾಡಬಾರದು. ಯುಕ್ಯಾಟ್ ವೆಬ್‌ಸೈಟಿನಲ್ಲೇ ಉಚಿತ ಅಭ್ಯಾಸ ಪರೀಕ್ಷೆಗಳಿವೆ, ಪರದೆಯೂ ಗುಂಡಿಗಳೂ ನಿಜವಾದ ಪರೀಕ್ಷೆಯ ಹಾಗೆಯೇ. ಎಲ್ಲವನ್ನೂ ಮೊದಲ ವಾರದಲ್ಲೇ ಖಾಲಿ ಮಾಡಬೇಡಿ, ಒಂದೆರಡನ್ನು ಕೊನೆಯ ಹತ್ತು ದಿನಕ್ಕೆ ಉಳಿಸಿ. ಪರೀಕ್ಷೆ ಬೆಳಿಗ್ಗೆ ಒಂಬತ್ತಕ್ಕಿದ್ದರೆ ಅಭ್ಯಾಸವೂ ಬೆಳಿಗ್ಗೆ ಒಂಬತ್ತಕ್ಕೇ, ಮಧ್ಯೆ ಏಳದೆ, ಸುಮಾರು ಎರಡು ಗಂಟೆ.

ಎಷ್ಟು ಪ್ರಶ್ನೆ ಮಾಡಿದೆ ಅನ್ನುವುದಕ್ಕಿಂತ ತಪ್ಪಾದದ್ದನ್ನು ಏನು ಮಾಡಿದೆ ಅನ್ನುವುದು ದೊಡ್ಡದು. ನಮ್ಮ ಹುಡುಗಿಯ ಹತ್ತಿರ ಒಂದು ಗೆರೆಯಿಲ್ಲದ ನೋಟ್‌ಬುಕ್ ಇತ್ತು. ತಪ್ಪಾದ ಪ್ರಶ್ನೆಯನ್ನು ಅದರಲ್ಲಿ ಬರೆಯುತ್ತಿರಲಿಲ್ಲ, ಕಾರಣವನ್ನು ಮಾತ್ರ ಬರೆಯುತ್ತಿದ್ದಳು. "ಗದ್ಯದಲ್ಲಿ ಇಲ್ಲದ್ದನ್ನು ಸೇರಿಸಿದೆ." "ಗ್ರಾಫಿನ ಕೆಳಗೆ ಸಾವಿರಗಳಲ್ಲಿ ಅಂತ ಇದ್ದದ್ದು ನೋಡಲಿಲ್ಲ." "ಬಿಡಬೇಕಿತ್ತು, ಬಿಡಲಿಲ್ಲ." ಐದನೇ ವಾರದ ಹೊತ್ತಿಗೆ ಆ ಕೊನೆಯ ಸಾಲು ಪುಟಕ್ಕೆ ಎಂಟು ಸಲದಿಂದ ಒಂದು ಸಲಕ್ಕೆ ಇಳಿದಿತ್ತು. 44 ಪ್ರಶ್ನೆಗೂ ಉತ್ತರ ಒತ್ತಿ ಮುಗಿಸಿದ ದಿನ ಆ ಪುಟದ ಫೋಟೋ ತೆಗೆದು ನನಗೆ ಕಳಿಸಿದಳು.

ಇನ್ನು ಅಪ್ಪ ಅಮ್ಮಂದಿರಿಗೆ ಎರಡು ಮಾತು. 2025ರಲ್ಲಿ ಬ್ರಿಟನ್ನಿನೊಳಗೆ ಪರೀಕ್ಷೆಯ ಶುಲ್ಕ 70 ಪೌಂಡ್ ಇತ್ತು. ಆದಾಯ ಕಡಿಮೆ ಇರುವ ಕುಟುಂಬಗಳಿಗೆ ಶುಲ್ಕ ಪೂರ್ತಿ ಮನ್ನಾ ಆಗುವ ಬರ್ಸರಿ ಇದೆ. ಕೇಳಲು ಸಂಕೋಚ ಬೇಡ, ಅದು ಇರುವುದೇ ನಿಮಗಾಗಿ. ಹಾಗೆಯೇ ಮಗುವಿಗೆ ಡಿಸ್ಲೆಕ್ಸಿಯಾ ಥರದ್ದು ಇದ್ದು, ಶಾಲೆಯಲ್ಲಿ ಹೆಚ್ಚಿನ ಸಮಯ ಕೊಡುತ್ತಿದ್ದರೆ ಇಲ್ಲೂ ಶೇಕಡಾ 25ರಷ್ಟು ಹೆಚ್ಚು ಸಮಯ ಕೇಳಬಹುದು. ಅದಕ್ಕೆ ಮುಂಚಿತವಾಗಿ ಅರ್ಜಿ ಹಾಕಬೇಕು. ನಾಲ್ಕು ಜನಕ್ಕೆ ಗೊತ್ತಾಗುತ್ತೆ ಅಂತ ಮುಚ್ಚಿಟ್ಟು, ಮಗು ಒಬ್ಬನೇ ಗಡಿಯಾರದ ಜೊತೆ ಗುದ್ದಾಡುವುದನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಅಂಕ ಬಂದ ಮೇಲೆ ಇನ್ನೊಂದು ಕೆಲಸ ಇದೆ, ತುಂಬಾ ಜನ ಅದನ್ನು ಸರಿಯಾಗಿ ಮಾಡುವುದಿಲ್ಲ. ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವುದು ಯುಕಾಸ್ ಎಂಬ ಸಂಸ್ಥೆಯ ಮೂಲಕ, ಆ ಅರ್ಜಿಗೆ ಕೊನೆಯ ದಿನ ಅಕ್ಟೋಬರ್ 15. ಅಷ್ಟರೊಳಗೆ ನಿಮ್ಮ ಅಂಕ ನಿಮ್ಮ ಕೈಯಲ್ಲಿರುತ್ತದೆ. ಐದು ಆಯ್ಕೆಗಳಲ್ಲಿ ಮೆಡಿಸಿನ್‌ಗೆ ನಾಲ್ಕು ಹಾಕಬಹುದು. ಕೆಲವು ವಿಶ್ವವಿದ್ಯಾಲಯಗಳು ಯುಕ್ಯಾಟ್ ಅಂಕದ ಮೇಲೇ ಸಾಲು ಹಚ್ಚುತ್ತವೆ. ಕೆಲವು ಇಷ್ಟಿದ್ದರೆ ಸಾಕು ಅಂದು ಜಿಸಿಎಸ್‌ಇ, ಅಂದರೆ ಹದಿನಾರರ ವಯಸ್ಸಿನ ಶಾಲಾ ಪರೀಕ್ಷೆಯ ಫಲಿತಾಂಶ ನೋಡುತ್ತವೆ. ಕೆಲವು ಬ್ಯಾಂಡ್ 4 ಬಂದರೆ ಅರ್ಜಿಯನ್ನೇ ಬದಿಗಿಡುತ್ತವೆ. ಹೆಸರು ದೊಡ್ಡದು ಅಂತ ಆರಿಸಬೇಡಿ. ಒಂದು ಸಂಜೆ ಮಗುವಿನ ಜೊತೆ ಕೂತು, ಒಂದೊಂದು ವಿಶ್ವವಿದ್ಯಾಲಯದ ಪ್ರವೇಶದ ಪುಟ ತೆರೆದು, ನಮ್ಮ ಅಂಕ ಎಲ್ಲಿ ಬೆಲೆ ಬಾಳುತ್ತೆ ಅಂತ ನೋಡಿ. ಸಾಧಾರಣ ಅಂಕ ಇದ್ದೂ ಹೀಗೆ ನೋಡಿ ಆರಿಸಿದ ಹುಡುಗನಿಗೆ ಮೂರು ಇಂಟರ್‌ವ್ಯೂ ಬಂದವು. ಅವನಿಗಿಂತ ಜಾಸ್ತಿ ಅಂಕ ಇದ್ದ ಅವನ ಗೆಳೆಯನಿಗೆ ಒಂದೂ ಬರಲಿಲ್ಲ.

ಕೊನೆಗೆ ಒಂದು ಚಿಕ್ಕ ವಿಷಯ, ನಮ್ಮವರಿಗೆ ಇದರಿಂದ ತೊಂದರೆ ಆಗಿದೆ. ಬುಕಿಂಗ್ ಮಾಡುವಾಗ ಹಾಕಿದ ಹೆಸರೂ ಕೇಂದ್ರಕ್ಕೆ ಒಯ್ಯುವ ಗುರುತಿನ ಚೀಟಿಯ ಹೆಸರೂ ಒಂದೇ ಇರಬೇಕು. ನಮ್ಮ ಮಕ್ಕಳ ಹೆಸರು ಶಾಲೆಯಲ್ಲಿ ಒಂದು ಥರ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಥರ ಇರುತ್ತದೆ. ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ಅಪ್ಪನ ಪೂರ್ತಿ ಹೆಸರು, ಕೆಲವರಿಗೆ ಸರ್‌ನೇಮ್ ಇರುವ ಜಾಗವೇ ಖಾಲಿ. ಇವತ್ತು ಮನೆಗೆ ಹೋದ ಮೇಲೆ ಪಾಸ್‌ಪೋರ್ಟ್ ತೆಗೆದು ನೋಡಿ, ಅದರಲ್ಲಿ ಇರುವ ಹಾಗೆಯೇ ಒಂದು ಚೀಟಿಯಲ್ಲಿ ಬರೆದು ಕಂಪ್ಯೂಟರ್ ಪಕ್ಕ ಅಂಟಿಸಿಡಿ. ಬುಕಿಂಗ್ ತೆರೆದ ದಿನ ಅದನ್ನು ನೋಡಿಕೊಂಡೇ ಟೈಪ್ ಮಾಡಿ.